ಊರು ತುಂಬೋ ಮುಂಚೆ: ಸೀಸನ್‌ಗೆ ಕೊಡಗಿನವರ ತಯಾರಿ

ಕಳೆದ ಡಿಸೆಂಬರ್ ಕೊನೆ ವಾರದ ಮಾತು. ನಮ್ಮ ತೋಟದ ಗೇಟಿಗೆ ಅಡ್ಡವಾಗಿ ಒಂದು ಬಿಳಿ ಕಾರು ನಿಂತಿತ್ತು, ಒಳಗೆ ಯಾರೂ ಇಲ್ಲ. ಅತ್ತೆಗೆ ಬೆಳಿಗ್ಗೆಯಿಂದ ಉಬ್ಬಸ. ಅವರನ್ನು ಮಡಿಕೇರಿಗೆ ಕರೆದುಕೊಂಡು ಹೋಗಬೇಕು ಅಂತ ನಾನು ಹೊರಟಿದ್ದೆ, ನನ್ನ ಹಿಂದೆ ಕಾಫಿ ಹಣ್ಣಿನ ಚೀಲ ತುಂಬಿಕೊಂಡ ಪಿಕಪ್ ಬೇರೆ. ಹಾರ್ನ್ ಹೊಡೆದು ಹೊಡೆದು ಹತ್ತು ನಿಮಿಷ ಆದಮೇಲೆ ಕಾಫಿ ಗಿಡದ ಸಂದಿಯಿಂದ ನಾಲ್ಕು ಜನ ಹುಡುಗರು ಇಳಿದು ಬಂದರು. "ಎರಡೇ ನಿಮಿಷ ಆಂಟಿ, ಫೋಟೊ ತೆಗೀತಿದ್ವಿ" ಅಂದ ಒಬ್ಬ. ಇನ್ನೊಬ್ಬನ ಕೈಯಲ್ಲಿ ಒಂದು ಹಿಡಿ ಕೆಂಪು ಹಣ್ಣು. "ಇದನ್ನ ಹೀಗೇ ತಿನ್ನಬಹುದಾ?" ಅಂತ ಕೇಳಿದ. ಅತ್ತೆ ಆ ಉಬ್ಬಸದಲ್ಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಿನ್ನು ಮಗ, ಮೊದಲು ಕಾರು ತೆಗಿ" ಅಂದರು.

ಒಂಬತ್ತು ಕಿಲೋಮೀಟರ್ ದಾರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಅತ್ತೆ ಸಂಜೆಗೆ ಸುಧಾರಿಸಿಕೊಂಡರು. ಆ ರಾತ್ರಿ ನಾನು ಒಂದು ನೋಟ್‌ಬುಕ್ ತೆಗೆದು ಬರೆಯೋಕೆ ಶುರು ಮಾಡಿದೆ: ಯಾವ ದಿನ ಜನ ಜಾಸ್ತಿ, ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾರನ್ನು ಕೇಳಿದೆ, ಅವರು ಏನು ಅಂದರು. ಈ ಬರಹ ಅದರಿಂದಲೇ ಬಂದಿದ್ದು. ಪ್ರವಾಸಿಗರನ್ನು ಬೈಯೋಕೆ ಬರೆದಿದ್ದಲ್ಲ. ನನ್ನ ಮೈದುನನೇ ಹೋಂಸ್ಟೇ ನಡೆಸುತ್ತಾನೆ, ನಾವು ಕಾಳುಮೆಣಸು, ಜೇನುತುಪ್ಪ ಮಾರೋದೂ ಆ ಗಿರಾಕಿಗಳಿಗೇ. ಆದರೆ ಜನ ಬಂದು ಹೋಗುವ ಊರಲ್ಲಿ ವರ್ಷಪೂರ್ತಿ ಇರುವವರೂ ಬದುಕಬೇಕಲ್ವಾ? ಅದಕ್ಕೆ ಸ್ವಲ್ಪ ತಯಾರಿ ಬೇಕು.

ಕ್ಯಾಲೆಂಡರಿಗೆ ಕೆಂಪು ಪೆನ್ನು

ಜನವರಿಯಲ್ಲಿ ಹೊಸ ಕ್ಯಾಲೆಂಡರ್ ತೂಗುಹಾಕಿದ ದಿನವೇ ಕೂತು ಗುರುತು ಹಾಕಿ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಇವು ಶುಕ್ರವಾರಕ್ಕೋ ಸೋಮವಾರಕ್ಕೋ ಬಂದರೆ ಮೂರು ದಿನ ಹೋಯಿತು ಅಂತ ಲೆಕ್ಕ. ಗುರುವಾರ ಬಂದರೆ ನಾಲ್ಕು ದಿನ, ಶುಕ್ರವಾರ ಯಾರೂ ಆಫೀಸಿಗೆ ಹೋಗೋದಿಲ್ಲ. ಆಮೇಲೆ ಮಡಿಕೇರಿ ದಸರಾ, ಅಕ್ಟೋಬರ್ 17ರ ಆಸುಪಾಸಿನ ತಲಕಾವೇರಿ ತೀರ್ಥೋದ್ಭವ, ಡಿಸೆಂಬರ್ 24ರಿಂದ ಹೊಸ ವರ್ಷದ ತನಕ, ಮತ್ತೆ ಶಾಲೆಗೆ ರಜೆ ಸಿಕ್ಕ ಏಪ್ರಿಲ್, ಮೇ.

ನಮ್ಮಲ್ಲಿ ರೈಲು ಇಲ್ಲ, ವಿಮಾನ ನಿಲ್ದಾಣ ಇಲ್ಲ. ಬರುವವರೆಲ್ಲ ರಸ್ತೆಯಲ್ಲೇ ಬರಬೇಕು. 2011ರ ಜನಗಣತಿ ಪ್ರಕಾರ ಇಡೀ ಜಿಲ್ಲೆಗೆ ಐದೂವರೆ ಲಕ್ಷ ಜನ. ಬೆಂಗಳೂರಿನ ಒಂದು ಮೂಲೆಯಲ್ಲಿ ಅಷ್ಟು ಜನ ಇದ್ದಾರೆ. ಅವರಲ್ಲಿ ಸ್ವಲ್ಪ ಜನ ಒಟ್ಟಿಗೆ ಹೊರಟರೂ ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ ದಾಟಿ ಸಂಪಾಜೆಗೆ ಇಳಿಯುವ ಆ ಒಂದೇ ಹೆದ್ದಾರಿ ತುಂಬಿಹೋಗುತ್ತದೆ. ಹಾಗಾಗಿ ಮಡಿಕೇರಿಯ ಶುಕ್ರವಾರದ ಸಂತೆಗೆ ಮಧ್ಯಾಹ್ನದ ಒಳಗೇ ಹೋಗಿ ಬಂದುಬಿಡಿ. ಗ್ಯಾಸ್, ಪೆಟ್ರೋಲ್, ಬಿಪಿ ಮಾತ್ರೆ, ಒಂದಷ್ಟು ಕೈಕಾಸು ಎಲ್ಲ ಗುರುವಾರಕ್ಕೇ ಮುಗಿಸಿ. ಎಟಿಎಂ ಭಾನುವಾರ ಖಾಲಿ ಇರುತ್ತದೆ, ಇದು ಪ್ರತಿ ಸಲ ಆಗುತ್ತದೆ, ಪ್ರತಿ ಸಲವೂ ನಾವು ಆಶ್ಚರ್ಯಪಡುತ್ತೇವೆ. ನೀರಿನ ಟ್ಯಾಂಕೂ ಅಷ್ಟೇ. ಮಡಿಕೇರಿಗೆ ನೀರು ಕೊಡೋದು ಕೂಟುಹೊಳೆ, ಏಪ್ರಿಲ್‌ನಲ್ಲಿ ಹೊಳೆ ಇಳಿದಿರುವ ಹೊತ್ತಿಗೇ ಲಾಡ್ಜುಗಳೆಲ್ಲ ತುಂಬಿರುತ್ತವೆ. ಮದುವೆ, ಗೃಹಪ್ರವೇಶ ಇದ್ದರೆ ಆ ಕೆಂಪು ದಿನಗಳನ್ನು ಬಿಟ್ಟು ಮುಹೂರ್ತ ನೋಡಿಸಿ. ಭಟ್ಟರು ಇದಕ್ಕೆ ಒಪ್ಪುತ್ತಾರೆ, ಅವರಿಗೂ ಬಂದು ತಲುಪಬೇಕಲ್ಲ.

ಮನೆಯಲ್ಲಿ ವಯಸ್ಸಾದವರು, ದಿನ ತುಂಬಿದ ಬಸುರಿ, ಡಯಾಲಿಸಿಸ್‌ಗೆ ಹೋಗುವವರು ಇದ್ದರೆ ಒಂದು ಕೆಲಸ ಮಾಡಿ. ಆಸ್ಪತ್ರೆಗೆ ಹೋಗೋಕೆ ಹೆದ್ದಾರಿ ಬಿಟ್ಟು ಬೇರೆ ಯಾವ ದಾರಿ ಇದೆ ಅಂತ ಖಾಲಿ ಇರುವ ಒಂದು ಮಂಗಳವಾರ ಗಾಡಿ ಓಡಿಸಿ ನೋಡಿ. ಮ್ಯಾಪಲ್ಲಿ ಕಾಣುವ ತೋಟದ ದಾರಿಗಳಲ್ಲಿ ಅರ್ಧಕ್ಕೆ ಬೀಗ ಹಾಕಿರುತ್ತಾರೆ. ಆ ಬೀಗದ ಕೀ ಯಾರ ಹತ್ತಿರ ಇದೆ, ರಾತ್ರಿ ಎರಡು ಗಂಟೆಗೆ ಅವರು ಫೋನ್ ಎತ್ತುತ್ತಾರಾ ಅಂತ ತಿಳಿದಿಟ್ಟುಕೊಳ್ಳಿ. ನಾವು ಪಕ್ಕದ ತೋಟದವರಿಂದ ಒಂದು ಕೀ ಕೇಳಿ ಇಟ್ಟುಕೊಂಡಿದ್ದೇವೆ. ನಮ್ಮದನ್ನು ಅವರಿಗೆ ಕೊಟ್ಟಿದ್ದೇವೆ.

ಗೇಟು, ಬೋರ್ಡು, ಬಾಟಲಿ

ನಮ್ಮ ಗೇಟಿಗೆ ಮೊದಲು "ಅತಿಕ್ರಮ ಪ್ರವೇಶ ನಿಷೇಧಿಸಲಾಗಿದೆ" ಅಂತ ಬೋರ್ಡು ಇತ್ತು. ಅದರ ಕೆಳಗೇ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಈಗ "ಇದು ಆಸ್ಪತ್ರೆಗೆ ಹೋಗುವ ದಾರಿ, ದಯವಿಟ್ಟು ಗಾಡಿ ನಿಲ್ಲಿಸಬೇಡಿ" ಅಂತ ಬರೆಸಿದ್ದೇವೆ, ಕನ್ನಡ, ಇಂಗ್ಲಿಷ್, ಮಲಯಾಳಂ ಮೂರರಲ್ಲೂ. ವ್ಯತ್ಯಾಸ ನಂಬೋಕಾಗಲ್ಲ. ಜನ ಕೆಟ್ಟವರಲ್ಲ, ಅವರಿಗೆ ಇದು ಯಾರದೋ ದಿನನಿತ್ಯದ ದಾರಿ ಅಂತ ಹೊಳೆಯೋದೇ ಇಲ್ಲ. ಬೋರ್ಡಿನಲ್ಲಿ ಫೋನ್ ನಂಬರ್ ಮಾತ್ರ ಹಾಕಬೇಡಿ. ನಾನು ಹಾಕಿದ್ದೆ. "ರೂಮಿದ್ಯಾ, ಕ್ಯಾಂಪ್‌ಫೈರ್ ಇದ್ಯಾ" ಅಂತ ಹದಿನೈದು ದಿನ ಫೋನು.

ನಿಮ್ಮ ಖಾಸಗಿ ಝರಿಯೋ ಕೆರೆಯೋ ಗೂಗಲ್ ಮ್ಯಾಪಲ್ಲಿ "ಸೀಕ್ರೆಟ್ ಫಾಲ್ಸ್" ಅಂತ ಬಂದುಬಿಟ್ಟಿದ್ದರೆ ಅದನ್ನೂ ನೋಡಿಕೊಳ್ಳಬೇಕು. ಆ ಜಾಗವನ್ನು ಒತ್ತಿ, ಬದಲಾವಣೆ ಸೂಚಿಸುವ ಆಯ್ಕೆಗೆ ಹೋಗಿ, ಸಾರ್ವಜನಿಕರಿಗೆ ಪ್ರವೇಶ ಇಲ್ಲ ಅನ್ನುವ ಕಾರಣ ಕೊಡಿ. ಒಬ್ಬರು ಮಾಡಿದರೆ ಸಾಲದು, ಮನೆಯವರು, ಅಕ್ಕಪಕ್ಕದವರು ನಾಲ್ಕೈದು ಜನ ಮಾಡಿ. ಫೋಟೊದ ಹುಚ್ಚು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಆಸ್ಟ್ರಿಯಾದಲ್ಲಿ ಹಾಲ್‌ಸ್ಟಾಟ್ ಅಂತ ಸಾವಿರ ಜನವೂ ಇಲ್ಲದ ಒಂದು ಊರಿದೆ. ಸೆಲ್ಫಿಗೆ ಬರುವವರ ಕಾಟ ತಡೆಯಲಾರದೆ 2023ರ ಮೇನಲ್ಲಿ ಅವರು ಆ ನೋಟಕ್ಕೇ ಅಡ್ಡವಾಗಿ ಮರದ ಬೇಲಿ ಕಟ್ಟಿದರು. ಟೀಕೆ ಬಂದು ಬೇಗನೆ ತೆಗೆದರು ಅನ್ನೋದು ಬೇರೆ ವಿಷಯ. ಒಂದು ಊರು ತನ್ನ ಚೆಂದವನ್ನೇ ಮುಚ್ಚಿಕೊಳ್ಳೋಕೆ ಹೊರಟಿತು ಅಂದರೆ ಎಷ್ಟು ರೋಸಿಹೋಗಿರಬೇಕು ಲೆಕ್ಕ ಹಾಕಿ.

ಬಾಟಲಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಕಸದ ಮಾತಲ್ಲ, ಕೆಲಸದವರ ಕೈಕಾಲಿನ ಮಾತು. ರಸ್ತೆ ಬದಿಯಿಂದ ಎಸೆದ ಬಿಯರ್ ಬಾಟಲಿ ಕಾಫಿ ಗಿಡದ ಬುಡದಲ್ಲಿ ಬಿದ್ದಿರುತ್ತದೆ. ಮಳೆಗೆ ಕಳೆ ಬೆಳೆದು ಮುಚ್ಚಿಕೊಳ್ಳುತ್ತದೆ. ಆಮೇಲೆ ಕಳೆ ಕೊಚ್ಚುವ ಮೆಷಿನ್ ಹಿಡಿದವನು ಬರುತ್ತಾನೆ. ಬ್ಲೇಡು ಗಾಜಿಗೆ ತಾಗಿದರೆ ಗುಂಡು ಹಾರಿದ ಹಾಗೆ ಚೂರು ಹಾರುತ್ತದೆ. ನಮ್ಮಲ್ಲಿ ಒಬ್ಬನ ಮೊಣಕಾಲಿನ ಕೆಳಗೆ ಹೊಕ್ಕು ಆರು ಹೊಲಿಗೆ ಬಿತ್ತು, ಮೂರು ವಾರ ಕೂಲಿ ಇಲ್ಲ. ಅದಕ್ಕೆ ಈಗ ನಾವು ಮೆಷಿನ್ ಹಾಕುವ ಮುಂಚಿನ ದಿನ ರಸ್ತೆಯಿಂದ ಒಳಗೆ ಮೂವತ್ತು ಅಡಿ ತನಕ ಕೋಲು ಹಿಡಿದು ನೋಡಿಸುತ್ತೇವೆ. ಒಂದಾಳಿನ ಅರ್ಧ ದಿನ. ಆ ಕೂಲಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಎಷ್ಟು ಬಾಟಲಿ ಸಿಕ್ಕಿತು ಅನ್ನೋದನ್ನೂ ಬರೆದಿಡಿ. ಮುಂದೆ ಪಂಚಾಯಿತಿಯಲ್ಲಿ ಮಾತಾಡುವಾಗ "ತುಂಬಾ ಕಸ" ಅಂದರೆ ಯಾರೂ ಕೇಳಲ್ಲ, "ಫರ್ಲಾಂಗಿಗೆ 140 ಬಾಟಲಿ" ಅಂದರೆ ತಲೆ ಎತ್ತುತ್ತಾರೆ.

ದೊಡ್ಡ ಕಾರ್ಯಕ್ರಮ ಬರ್ತಿದೆ ಅಂತ ಸುದ್ದಿ ಬಂದಾಗ

ಇದೇ ಮುಖ್ಯ ಭಾಗ. ಕಾರು ರ‍್ಯಾಲಿಯೋ, ಮ್ಯಾರಥಾನೋ, ಸಂಗೀತದ ಹಬ್ಬವೋ, ವಿದೇಶಿ ಪ್ರತಿನಿಧಿಗಳ ಸಭೆಯೋ ಏನೇ ಇರಲಿ. ನಮ್ಮ ಊರಿಗೆಲ್ಲ ಅಂಥದ್ದು ಯಾಕೆ ಬರುತ್ತೆ ಅನ್ನಬೇಡಿ. 2023ರ ಜುಲೈನಲ್ಲಿ ಜಿ20 ಸಭೆ ಹಂಪಿಗೇ ಬಂದಿತ್ತು.

ಸುದ್ದಿ ಕೇಳಿದ ತಕ್ಷಣ ಮೊದಲು ಕೇಳಬೇಕಾದ ಪ್ರಶ್ನೆ ಇದು: ಕಾರ್ಯಕ್ರಮ ಮುಗಿದ ಮಾರನೇ ದಿನ ನಾವು ಯಾರನ್ನು ಕೇಳಬೇಕು? ಸಂಸ್ಥೆಯ ಹೆಸರು ಸಾಲದು. ಒಬ್ಬ ಮನುಷ್ಯನ ಹೆಸರು ಬೇಕು, ಫೋನ್ ನಂಬರ್ ಬೇಕು, ಆತ ಮಾರನೇ ದಿನವೂ ಊರಲ್ಲಿ ಇರಬೇಕು.

ಇದನ್ನು ನಾನು ಕಲಿತಿದ್ದು ಹಾಕಿ ಹಬ್ಬದಿಂದ. ಕೊಡವ ಕುಟುಂಬಗಳ ಹಾಕಿ 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾಗಿದ್ದು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡ, ಗಿನ್ನೆಸ್ ದಾಖಲೆ. ತಿಂಗಳು ಪೂರ್ತಿ ಒಂದು ಸಣ್ಣ ಊರಿಗೆ ಅಷ್ಟು ಜನ ಬಂದು ಹೋಗೋದು ಅಂದರೆ ತಮಾಷೆಯಲ್ಲ, ರಸ್ತೆ ಕಟ್ಟುತ್ತದೆ, ಧೂಳು, ಗಲಾಟೆ ಎಲ್ಲ ಇರುತ್ತದೆ. ಆದರೆ ನಡೆಸುವ ಒಕ್ಕದ, ಅಂದರೆ ಕೊಡವ ಮನೆತನದ ಹೆಸರು ಕಪ್ಪಿನ ಮೇಲೇ ಇರುತ್ತದೆ! ಮೈದಾನ ಕೊಳಕಾಗಿ ಉಳಿದರೆ, ಅಂಗಡಿಯವನ ಬಾಕಿ ಉಳಿದರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಅನ್ನೋದು ಊರಿನ ಮಕ್ಕಳಿಗೂ ಗೊತ್ತು. ಹೊರಗಿನಿಂದ ಬಂದು ಎರಡು ದಿನ ಸ್ಟೇಜ್ ಹಾಕಿ ಹೋಗುವ ಕಂಪನಿಯಲ್ಲಿ ಇಲ್ಲದೇ ಇರೋದು ಇದೇ. ಅದನ್ನು ನಾವು ಕಾಗದದ ಮೇಲೆ ಬರೆಸಿಕೊಳ್ಳಬೇಕಾಗುತ್ತದೆ.

ಎರಡನೇ ಪ್ರಶ್ನೆ ದುಡ್ಡಿನದು. ಆದಾಯ ಎಷ್ಟು ಬರುತ್ತೆ ಅಂತ ಅವರೇ ಹೇಳುತ್ತಾರೆ, ಅದನ್ನು ಕೇಳಬೇಕಾಗಿಲ್ಲ. ಖರ್ಚು ಯಾರ ತಲೆಗೆ ಅಂತ ಕೇಳಿ. ಕೆನಡಾದ ಮಾಂಟ್ರಿಯಲ್ ನಗರ 1976ರಲ್ಲಿ ಒಲಿಂಪಿಕ್ಸ್ ನಡೆಸಿತು. ಆ ಸಾಲ ತೀರಿದ್ದು 2006ರಲ್ಲಿ, ಮೂವತ್ತು ವರ್ಷ ಆದಮೇಲೆ. ಕ್ರೀಡಾಕೂಟ ನಡೆದಾಗ ಹುಟ್ಟೇ ಇರದವರೂ ಅದಕ್ಕೆ ತೆರಿಗೆ ಕಟ್ಟಿದರು. ನಮ್ಮಲ್ಲಿ ಅಷ್ಟು ದೊಡ್ಡದು ಆಗಲ್ಲ ಬಿಡಿ. ಆದರೆ ಭಾರದ ಲಾರಿ ಓಡಾಡಿ ಹಾಳಾದ ಪಂಚಾಯಿತಿ ರಸ್ತೆ, ಸ್ಟೇಜಿಗೆ ಎಳೆದ ಕರೆಂಟು, ಮೂರು ದಿನ ಹೆಚ್ಚುವರಿ ಕಸದ ಟ್ರ್ಯಾಕ್ಟರ್, ಇವೆಲ್ಲ ನಮ್ಮ ಪಂಚಾಯಿತಿ ದುಡ್ಡಲ್ಲೇ ಹೋಗಿಬಿಡುತ್ತವೆ. ಸ್ವಚ್ಛತೆಗೆ ಅಂತ ಮುಂಗಡ ಠೇವಣಿ ಇಡಿಸಿಕೊಳ್ಳಿ ಅಂತ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಹೇಳಿ. ಮೈದಾನ, ರಸ್ತೆ ಸರಿಯಾಗಿ ಬಿಟ್ಟುಕೊಟ್ಟರೆ ವಾಪಸ್, ಇಲ್ಲದಿದ್ದರೆ ಆ ದುಡ್ಡಲ್ಲೇ ರಿಪೇರಿ. 2016ರ ಘನತ್ಯಾಜ್ಯ ನಿಯಮದಲ್ಲೇ, ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮ ಮಾಡುವವರು ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಬೇರ್ಪಡಿಸಿ ಕೊಡಬೇಕು ಅಂತ ಇತ್ತು. ಇದನ್ನು ಎತ್ತಿ ಮಾತಾಡಿದರೆ ಠೇವಣಿಯ ಮಾತು ಸುಲಭವಾಗುತ್ತದೆ.

ಮೂರನೆಯದು, ಯಾರನ್ನು ಮುಚ್ಚಿಡುತ್ತಾರೆ ಅನ್ನೋದು. ಇದು ಸ್ವಲ್ಪ ಕಹಿ ಮಾತು. 2010ರ ಅಕ್ಟೋಬರ್‌ನಲ್ಲಿ ದಿಲ್ಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದಾಗ ಕೊಳೆಗೇರಿಗಳನ್ನು ಎಬ್ಬಿಸಿದರು, ಉಳಿದವು ಕಾಣಬಾರದು ಅಂತ ಬಿದಿರಿನ ತಟ್ಟಿ ಕಟ್ಟಿದರು. 2023ರ ಸೆಪ್ಟೆಂಬರ್‌ನ ಜಿ20 ಶೃಂಗಸಭೆಗೆ ಅಲ್ಲೇ ಹಸಿರು ಪರದೆ ಬಂತು. ಕೊಡಗಲ್ಲಿ ಇದರ ಸಣ್ಣ ರೂಪ ನೀವೂ ನೋಡಿರುತ್ತೀರಿ. ದೊಡ್ಡವರು ಬರುವ ದಾರಿಗೆ ಮಾತ್ರ ಟಾರು ಬೀಳುತ್ತದೆ, ರಸ್ತೆ ಬದಿಯಲ್ಲಿ ಕಿತ್ತಳೆ, ಜೋಳ ಮಾರುವ ಹೆಂಗಸರನ್ನು ಎರಡು ದಿನ ಎಬ್ಬಿಸುತ್ತಾರೆ, ತೋಟದ ಕೆಲಸದವರ ಲೈನ್ ಮನೆಗೆ ಹೋಗುವ ದಾರಿಗೆ ಹಗ್ಗ ಕಟ್ಟುತ್ತಾರೆ. ಹಗ್ಗ ಕಟ್ಟುವುದಾದರೆ ಆ ದಿನ ಕೂಲಿಗೆ ಹೋಗುವವರು ಯಾವ ದಾರಿಯಲ್ಲಿ ಹೋಗಬೇಕು, ಅಂಗಡಿ ಎತ್ತಿದವರಿಗೆ ಎರಡು ದಿನಕ್ಕೆ ಬದಲಿ ಜಾಗ ಎಲ್ಲಿ ಅಂತ ಮೊದಲೇ ಕೇಳಿ. ಅವರ ಪರವಾಗಿ ನೀವೇ ಕೇಳಿ, ಅಧಿಕಾರಿಗಳ ಮುಂದೆ ನಿಂತು ಕೇಳುವ ಧೈರ್ಯ ಅವರಿಗೆ ಇರೋದಿಲ್ಲ.

ಎಲ್ಲಿ ಕೇಳೋದು? ಗ್ರಾಮಸಭೆಯಲ್ಲಿ. ಆರು ತಿಂಗಳಿಗೆ ಒಮ್ಮೆಯಾದರೂ ಅದು ನಡೆಯಲೇಬೇಕು. ಬರೀ ಬಾಯಲ್ಲಿ ಹೇಳಿ ಬರಬೇಡಿ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಓದಿ ಹೇಳಿ, ನಡಾವಳಿ ಪುಸ್ತಕದಲ್ಲಿ ಸೇರಿಸೋ ತನಕ ಅಲ್ಲೇ ಕೂತಿರಿ. ನಮ್ಮಲ್ಲಿ ಗ್ರಾಮಸಭೆಗೆ ಬರುವವರಲ್ಲಿ ಅರ್ಧ ಜನ ಮನೆ, ಹಸು ಕೊಟ್ಟಿಗೆಯ ಅರ್ಜಿ ಕೊಟ್ಟು ಎದ್ದು ಹೋಗುತ್ತಾರೆ. ಕೊನೆಗೆ ಉಳಿದ ಹತ್ತು ಜನ ಹೇಳಿದ್ದೇ ಊರಿನ ಮಾತು ಅಂತ ದಾಖಲಾಗುತ್ತದೆ. ಆ ಹತ್ತು ಜನರಲ್ಲಿ ನೀವಿರಿ. ಪಟ್ಟಣದಲ್ಲಿ ಇರುವವರು ನಿಮ್ಮ ವಾರ್ಡ್ ಸದಸ್ಯರನ್ನು ಹಿಡಿಯಿರಿ, ನಗರಸಭೆ ಪೌರಾಯುಕ್ತರಿಗೆ ಪತ್ರ ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ರಾತ್ರಿ ಹತ್ತರ ಮೇಲೆ

ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು. ವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬಲ್. ಹಬ್ಬ, ಉತ್ಸವಗಳಿಗೆ ಅಂತ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ 12 ಗಂಟೆ ತನಕ ಸಡಿಲಿಕೆ ಕೊಡಬಹುದು. ಹೋಂಸ್ಟೇಯ ಹುಟ್ಟುಹಬ್ಬದ ಪಾರ್ಟಿ ಅದರಲ್ಲಿ ಬರಲ್ಲ.

ದಸರೆಯ ರಾತ್ರಿ ಬಗ್ಗೆ ನನಗೆ ಎರಡು ಮನಸ್ಸು, ಮುಚ್ಚಿಡೋದಿಲ್ಲ. ವಿಜಯದಶಮಿ ರಾತ್ರಿ ದಶಮಂಟಪಗಳು ಹೊರಡೋದನ್ನು ಚಿಕ್ಕಂದಿನಿಂದ ನೋಡಿದವಳು ನಾನು, ಬೆಳಗಿನ ಜಾವದ ಚಳಿಯಲ್ಲಿ ಶಾಲು ಹೊದ್ದು ಕಡ್ಲೆಕಾಯಿ ತಿನ್ನುತ್ತಾ ಕಾಯ್ದಿದ್ದೇನೆ. ಅದು ನಮ್ಮದೇ ಹಬ್ಬ, ಒಂದು ರಾತ್ರಿ ನಿದ್ದೆ ಹೋದರೆ ಹೋಗಲಿ. ಆದರೆ ಎದೆಗೇ ಬಡಿಯುವ ಆ ಸ್ಪೀಕರ್ ಬಾಕ್ಸ್‌ಗಳ ಸದ್ದಿಗೆ ಹಾರ್ಟ್ ಪೇಷೆಂಟ್ ಇರುವ ಮನೆಯವರು ಏನು ಮಾಡಬೇಕು? ಮೆರವಣಿಗೆ ದಾರಿಯಲ್ಲಿ ಮನೆ ಇದ್ದರೆ ಅವರನ್ನು ಒಂದು ರಾತ್ರಿ ನೆಂಟರ ಮನೆಗೆ ಕಳಿಸಿ. ನಾಯಿ ಇದ್ದರೆ ಅದನ್ನೂ. ಇದು ಸೋತ ಹಾಗೆ ಅಂತ ನನ್ನ ಗಂಡ ಅನ್ನುತ್ತಾರೆ. ಇರಬಹುದು.

ಬೇರೆ ದಿನ ಸದ್ದು ಬಂದರೆ ಜಗಳಕ್ಕೆ ಹೋಗಬೇಡಿ, ಕುಡಿದವರ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ. ಮೊದಲು ಹೋಂಸ್ಟೇ ಮಾಲೀಕರಿಗೆ ಫೋನ್ ಮಾಡಿ. ಮಾಲೀಕರು ಅಲ್ಲೇ ವಾಸ ಇರಬೇಕು, ಹೋಂಸ್ಟೇ ಅನ್ನೋದರ ಅರ್ಥವೇ ಅದು. ಮನೆ ಬಾಡಿಗೆಗೆ ಹಿಡಿದು ಮ್ಯಾನೇಜರ್ ಇಟ್ಟು ನಡೆಸಿದರೆ ಅದು ಲಾಡ್ಜ್. ಆಮೇಲೂ ನಿಲ್ಲದಿದ್ದರೆ 112. ಫೋನ್ ಮಾಡಿದ ಹೊತ್ತು ಬರೆದಿಟ್ಟು, ಮಾರನೇ ದಿನ ಠಾಣೆಗೂ ಪಂಚಾಯಿತಿಗೂ ಹೀಗೆ ಒಂದು ಚೀಟಿ ಕೊಡಿ: "ಇಂಥ ದಿನ ರಾತ್ರಿ 11.20ಕ್ಕೆ ಇಂಥ ಮನೆಯಲ್ಲಿ ಧ್ವನಿವರ್ಧಕ ಹಾಕಿದ್ದರು. 11.25ಕ್ಕೆ 112ಕ್ಕೆ ಕರೆ ಮಾಡಿದ್ದೇನೆ. ಅನುಮತಿ ಇದ್ದರೆ ಪ್ರತಿ ಕೊಡಿ. ಇಲ್ಲದಿದ್ದರೆ ತೆಗೆದುಕೊಂಡ ಕ್ರಮ ತಿಳಿಸಿ." ಇಷ್ಟೇ ಸಾಕು. ಕೊಡಗಿನ ಸಂಸ್ಕೃತಿ, ಪರಿಸರ ಅಂತ ಎರಡು ಪುಟ ಬರೆದರೆ ಯಾರೂ ಕೊನೆ ತನಕ ಓದೋದಿಲ್ಲ.

ಬಾಡಿಗೆ ಮನೆಯವರಿಗೆ

ಜನ ಇದನ್ನು ಟ್ರಾಫಿಕ್ಕಿನಷ್ಟು ಮಾತಾಡೋದಿಲ್ಲ, ಆದರೆ ಪೆಟ್ಟು ಇದರದ್ದೇ ದೊಡ್ಡದು. ವರ್ಗಾವಣೆಯಾಗಿ ಬಂದ ಟೀಚರ್‌ಗೋ ನರ್ಸ್‌ಗೋ ಮಡಿಕೇರಿಯಲ್ಲಿ ಮನೆ ಹುಡುಕಿಕೊಟ್ಟು ನೋಡಿ, ಗೊತ್ತಾಗುತ್ತದೆ. ತಿಂಗಳ ಬಾಡಿಗೆಯನ್ನು ನಾಲ್ಕು ವಾರಾಂತ್ಯದಲ್ಲೇ ದುಡಿಯಬಹುದು ಅಂತಾದರೆ ಮಾಲೀಕರು ಮತ್ತೇನು ಮಾಡುತ್ತಾರೆ? ಬಾರ್ಸಿಲೋನಾ 1992ರ ಒಲಿಂಪಿಕ್ಸ್ ನಡೆಸಿ ಜಗತ್ತಿಗೆಲ್ಲ ಪರಿಚಯವಾದ ಊರು. ಈಗ ಅಲ್ಲಿನವರಿಗೇ ಬಾಡಿಗೆ ಕೈಗೆಟುಕುತ್ತಿಲ್ಲ. 2024ರ ಜೂನ್‌ನಲ್ಲಿ ಅಲ್ಲಿನ ಮೇಯರ್, ಪ್ರವಾಸಿಗರಿಗೆ ಕೊಡುವ 10,101 ಮನೆಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ನಿಲ್ಲಿಸುತ್ತೇವೆ ಅಂದರು. ಅದರ ಮುಂದಿನ ತಿಂಗಳು ಜನ ಬೀದಿಗಿಳಿದು ಪ್ರವಾಸಿಗರ ಮೇಲೆ ವಾಟರ್ ಗನ್‌ನಿಂದ ನೀರು ಹಾರಿಸಿದರು. ನಮಗೆ ಆ ಮಟ್ಟಕ್ಕೆ ಹೋಗೋದು ಬೇಡ, ನಮ್ಮ ಮಳೆಗೆ ಅವರು ಹೇಗೂ ಒದ್ದೆಯಾಗಿರುತ್ತಾರೆ.

ಬಾಡಿಗೆ ಕರಾರು ಬಾಯಿಮಾತಲ್ಲಿ ಬಿಡಬೇಡಿ. ಹನ್ನೊಂದು ತಿಂಗಳದ್ದೇ ಆಗಲಿ, ಬರೆಸಿ. ಬಿಡಿಸುವುದಾದರೆ ಮೂರು ತಿಂಗಳ ನೋಟಿಸ್ ಅಂತ ಸೇರಿಸಿ, "ಸೀಸನ್‌ನಲ್ಲಿ ಮೇಲಿನ ರೂಮು ಬಿಟ್ಟುಕೊಡಬೇಕು" ಅನ್ನುವಂಥ ಸಾಲು ಇದ್ದರೆ ಹೊಡೆಸಿ. ಮನೆ ಮಾಲೀಕರು ಓದುತ್ತಿದ್ದರೆ ಒಂದು ಮಾತು. ವರ್ಷಪೂರ್ತಿ ಇರುವ ಬಾಡಿಗೆದಾರ ಮಳೆಗಾಲದಲ್ಲೂ ಬಾಡಿಗೆ ಕೊಡುತ್ತಾನೆ, ಸೋರಿದರೆ ಫೋನ್ ಮಾಡಿ ಹೇಳುತ್ತಾನೆ.

ಪಾಸು, ಟಿಕೆಟ್ಟು ಬಂದರೆ

ಕೊಡಗಿಗೆ ಬರುವ ಗಾಡಿಗಳಿಗೂ ಪಾಸು ಮಾಡಿ ಅಂತ ಆಗಾಗ ಕೂಗು ಏಳುತ್ತದೆ. ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಇ-ಪಾಸ್ ಇದೆ. ವೆನಿಸ್ 2024ರಲ್ಲಿ ಒಂದು ದಿನಕ್ಕೆ ಬಂದು ಹೋಗುವವರಿಗೆ 29 ದಿನ 5 ಯೂರೊ ಟಿಕೆಟ್ ಇಟ್ಟಿತು. ದುಡ್ಡೇನೋ ಬಂತು, ಜನ ಮಾತ್ರ ಬರುತ್ತಲೇ ಇದ್ದರು. ನನ್ನನ್ನು ಕೇಳಿದರೆ ಟಿಕೆಟ್ಟಿಗಿಂತ ಮಿತಿ ಒಳ್ಳೆಯದು. 2024ರ ಜನವರಿ 26ರ ರಜೆಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆ ಥರ ಜನ ಸೇರಿದ ಫೋಟೊ ನೀವೂ ನೋಡಿರುತ್ತೀರಿ. ಆಮೇಲೆ ಚಾರಣ ನಿಲ್ಲಿಸಿ, ದಿನಕ್ಕೆ ಇಷ್ಟೇ ಜನ ಅಂತ ಮಾಡಿ, ಆನ್‌ಲೈನ್ ಬುಕಿಂಗ್ ತಂದರು.

ಆದರೆ ಯಾರಾದರೂ ಪಾಸಿನ ಬಗ್ಗೆ ಅಭಿಪ್ರಾಯ ಕೇಳೋಕೆ ಬಂದರೆ ಬರೀ "ಬೇಕು", "ಬೇಡ" ಅನ್ನಬೇಡಿ. ಊಟಿಯಲ್ಲಿ ಸ್ಥಳೀಯ ನೋಂದಣಿಯ ಗಾಡಿಗೆ ವಿನಾಯಿತಿ ಕೊಟ್ಟರು. ಇಲ್ಲಿ ಕೊಡಗಿನ ನೋಂದಣಿಯ ಕೆಎ 12ಕ್ಕೆ ಕೊಡುತ್ತಾರೆ ಅಂತಲೇ ಇಟ್ಟುಕೊಳ್ಳಿ. ನಮ್ಮ ಮಕ್ಕಳಲ್ಲಿ ಅರ್ಧ ಜನ ಬೆಂಗಳೂರಲ್ಲಿ ಇದ್ದಾರೆ, ಅವರ ಕಾರೆಲ್ಲ ಕೆಎ 01, 05, 51. ಪುತ್ತರಿ ಹಬ್ಬಕ್ಕೆ ಊರಿಗೆ ಬರೋಕೆ ಅವರು ಪಾಸು ತೆಗೆಯಬೇಕಾ? ರಾತ್ರೋರಾತ್ರಿ ಸಾವಿನ ಮನೆಗೆ ಬರುವವರು ಚೆಕ್‌ಪೋಸ್ಟ್‌ನಲ್ಲಿ ಕ್ಯೂ ನಿಲ್ಲಬೇಕಾ? ಗುರುತಿನ ಚೀಟಿಯ ವಿಳಾಸ ನೋಡುತ್ತಾರಾ, ಗಾಡಿ ನಂಬರಾ? ಇಂಥ ಸಣ್ಣ ಪ್ರಶ್ನೆಗಳನ್ನು ನಿಯಮ ಬರೆಯುವ ಮುಂಚೆ ಬರೆದು ಕೊಡಿ. ಬಂದ ಮೇಲೆ ಬದಲಾಯಿಸೋಕೆ ಕೋರ್ಟಿಗೆ ಹೋಗಬೇಕು.

ನೀವೂ ದುಡಿಯಬೇಕು ಅಂದರೆ

ತಪ್ಪೇನಿಲ್ಲ. ಆದರೆ ಲೆಕ್ಕ ಮೊದಲು. ವರ್ಷಕ್ಕೆ 52 ವಾರ, 104 ವಾರಾಂತ್ಯದ ರಾತ್ರಿ. ಜೂನ್, ಜುಲೈ, ಆಗಸ್ಟ್‌ನ 26 ರಾತ್ರಿ ತೆಗೆದುಬಿಡಿ, ಮಳೆ ನೋಡೋಕೂ ಈಗ ಜನ ಬರುತ್ತಾರೆ ನಿಜ, ಒಂದು ಕಡೆ ಗುಡ್ಡ ಜರಿದ ಸುದ್ದಿ ಬಂದರೆ ಎಲ್ಲ ಕ್ಯಾನ್ಸಲ್. ಉಳಿದಿದ್ದು 78. ಅದರಲ್ಲಿ ಅರ್ಧ ತುಂಬಿದರೆ ಒಂದು ರೂಮಿಗೆ 39 ರಾತ್ರಿ. ಬ್ಯಾಂಕ್ ಸಾಲದ ಕಂತು ಈ 39 ರಾತ್ರಿಯಲ್ಲಿ ಹುಟ್ಟುತ್ತಾ ನೋಡಿ. ಹುಟ್ಟಲ್ಲ ಅಂದರೆ ಕಾಫಿ ಕಡಿದು ಕಾಟೇಜ್ ಕಟ್ಟಬೇಡಿ. 2018ರ ಆಗಸ್ಟ್‌ನ ಭೂಕುಸಿತ ಆದಮೇಲೆ, 2020ರ ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ರೂಮು ಖಾಲಿ ಬಿದ್ದಿದ್ದನ್ನು ನೋಡಿದ್ದೇವೆ. ಆಗಲೂ ಗಿಡದಲ್ಲಿ ಹಣ್ಣು ಇತ್ತು.

ಹೋಂಸ್ಟೇ ಮಾಡುವುದಾದರೆ ಇರುವ ಮನೆಯಲ್ಲೇ ಒಂದೆರಡು ರೂಮಿನಿಂದ ಶುರು ಮಾಡಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ (ಮೊದಲು ಸಿ ಫಾರಂ ಅನ್ನುತ್ತಿದ್ದರು) ಆನ್‌ಲೈನಲ್ಲಿ ತುಂಬಬೇಕು, ಮೈದುನ ಒಮ್ಮೆ ಮರೆತು ಸಾಕಷ್ಟು ಓಡಾಡಿದ. ಸಿದ್ದಾಪುರ, ಮಾಲ್ದಾರೆ ಕಡೆಯವರು ಕತ್ತಲಾದ ಮೇಲೆ ವಾಕಿಂಗ್ ಹೋಗಬೇಡಿ ಅಂತ ಅತಿಥಿಗಳಿಗೆ ಬಂದ ತಕ್ಷಣ ಹೇಳಿ, ಆನೆ ಇನ್‌ಸ್ಟಾಗ್ರಾಂ ನೋಡಲ್ಲ. ಅಕ್ಕಪಕ್ಕದವರಿಂದ ಮೊಟ್ಟೆ, ತರಕಾರಿ, ಬಾಳೆಗೊನೆ ಕೊಳ್ಳಿ. ಬೀದಿಯಲ್ಲಿ ಒಬ್ಬರಿಗೆ ಮಾತ್ರ ದುಡ್ಡು, ಉಳಿದವರಿಗೆಲ್ಲ ಗಲಾಟೆ ಅಂತಾದರೆ ಮೊದಲ ದೂರು ಪಕ್ಕದ ಮನೆಯಿಂದಲೇ ಬರುತ್ತದೆ.

ಮುಗಿದ ಮಾರನೇ ದಿನ

ಸೋಮವಾರ ಬೆಳಿಗ್ಗೆ ಏಳಕ್ಕೆ, ಕಸದ ಗಾಡಿ ಬರುವ ಮುಂಚೆ, ಫೋನ್ ಹಿಡಿದು ರಸ್ತೆಯಲ್ಲಿ ಒಂದು ಸುತ್ತು ಹೋಗಿ. ಮುರಿದ ಚರಂಡಿ ಚಪ್ಪಡಿ, ಕಿತ್ತ ಡಾಂಬರು, ಬೇಲಿ, ಬಾಟಲಿ, ಎಲ್ಲದರ ಫೋಟೊ. ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆಯೂ ಅದೇ ಜಾಗಗಳ ಫೋಟೊ ತೆಗೆದಿರಬೇಕು, ಇಲ್ಲದಿದ್ದರೆ "ಅದು ಮೊದಲೇ ಮುರಿದಿತ್ತು" ಅನ್ನುತ್ತಾರೆ. ಪಂಚಾಯಿತಿ ಸದಸ್ಯರನ್ನು ಜೊತೆಗೆ ಕರೆಯಿರಿ. ಕಾಫಿ ಕೊಡಿಸಿದರೆ ಬರುತ್ತಾರೆ.

ಠೇವಣಿ ವಾಪಸ್ ಕೊಡುವ ಮುಂಚೆ ಈ ಫೋಟೊಗಳು ಪಿಡಿಒ ಟೇಬಲ್ ಮೇಲಿರಲಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅನುಮತಿ ಪತ್ರದ ಪ್ರತಿ, ಅದರ ಷರತ್ತುಗಳು, ಠೇವಣಿ ಎಷ್ಟು, ಸ್ವಚ್ಛತೆಗೆ ಖರ್ಚಾಗಿದ್ದು ಎಷ್ಟು ಅಂತ ಕೇಳಿ. "ಯಾಕೆ ಅನುಮತಿ ಕೊಟ್ಟಿರಿ" ಅಂತ ಕೇಳಬೇಡಿ, ಯಾಕೆ ಅನ್ನೋದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ. ಇರುವ ಕಾಗದವನ್ನು ಕೇಳಿದರೆ ಕೊಡಲೇಬೇಕು.

ಬಂದ ಉತ್ತರ, ಫೋಟೊ, ಬಾಟಲಿ ಲೆಕ್ಕ ಎಲ್ಲ ಅದೇ ನೋಟ್‌ಬುಕ್ಕಿಗೆ ಅಂಟಿಸಿ ಮುಂದಿನ ಗ್ರಾಮಸಭೆಗೆ ತೆಗೆದುಕೊಂಡು ಹೋಗಿ. ಪೆನ್ನು ಎರಡು ಇಟ್ಟುಕೊಳ್ಳಿ. ಸಹಿ ಹಾಕೋಕೆ ಅಂತ ಇಸಕೊಂಡವರು ವಾಪಸ್ ಕೊಡೋದಿಲ್ಲ.